ಅಕ್ಷರಕ್ಕೆ ಆರು ಡಾಲರು

ಖಜಾಂಚಿ ನಾನು, ಲೆಕ್ಕದಿಂದಲೇ ಶುರುಮಾಡುತ್ತೇನೆ.
ಎರಕದ ಕಂಚಾದರೆ ಅಕ್ಷರಕ್ಕೆ ಆರು ಡಾಲರು.
ಎನಾಮೆಲ್ ತಗಡು ಅಗ್ಗ, ನಿಜ,
ಆದರೆ ನ್ಯೂಫೌಂಡ್‌ಲ್ಯಾಂಡಿನ ಈ ಕೊಲ್ಲಿಯ ಉಪ್ಪುಗಾಳಿ
ಹತ್ತೇ ಚಳಿಗಾಲದಲ್ಲಿ ಅದನ್ನು ನೆಕ್ಕಿ ಮುಗಿಸುತ್ತದೆ.

ನಾವು ಕೂಡಿಸಿದಷ್ಟನ್ನೇ ಸರ್ಕಾರವೂ ಕೊಡುತ್ತದೆ.
ಕೂಡಿಸಿದೆವು:
ಚರ್ಚಿನ ನೆಲಮಾಳಿಗೆಯಲ್ಲಿ ಎಂಟು ಸಂಜೆ ಇಸ್ಪೀಟು,
ಎರಡು ಸಲ ಉಪ್ಪುಮೀನಿನ ಊಟ,
ವಿನಿಫ್ರೆಡ್ ಕೀಪಿಂಗ್ ಹೊಲಿದ ಕೌದಿಯ ಲಾಟರಿ.
(ಗೆದ್ದದ್ದು ಅವಳ ತಂಗಿಯೇ. ಆ ಮಾತು ಈಗ ಬೇಡ.)

ಸೇಂಟ್ ಜಾನ್ಸ್‌ನಿಂದ ಬಂದ ವಿನ್ಯಾಸಗಾರ
ಕೆಸರಾಗದ ಬೂಟು ಹಾಕಿದ್ದ.
ಅರವತ್ತು ಪದ, ಅಂದ, ಅದಕ್ಕಿಂತ ಹೆಚ್ಚಿಲ್ಲ.
ನಿಂತು ಓದುವವರ ತಾಳ್ಮೆ ಹನ್ನೆರಡು ಸೆಕೆಂಡು.
ಕಣ್ಣಿನ ಎತ್ತರಕ್ಕೆ ಮೊಳೆ,
ಕಪ್ಪು ನೆಲದ ಮೇಲೆ ತಿಳಿ ಅಕ್ಷರ.
ಗುಣವಾಚಕಗಳನ್ನು ಮೊದಲು ಕಿತ್ತುಹಾಕಿ.
ಹೆಡ್ಲಿ ಕೇಳಿದ: ಗುಣವಾಚಕ ಅಂದರೆ?
'ಐತಿಹಾಸಿಕ' ಅನ್ನುವುದು, ಅಂದೆ ನಾನು.
ಏಳು ಫಲಕದಿಂದಲೂ ಅದನ್ನು ತೆಗೆದೆವು,
ಒಂದು ಫಲಕದ ದುಡ್ಡು ಹೆಚ್ಚುಕಡಿಮೆ ಉಳಿಯಿತು.

ಆರು ಮನೆ ಸಲೀಸು.
ಹಡಗು ಕಟ್ಟಿದವನು, ತಂತಿ ಕಚೇರಿ,
ಸೀಲ್ ಎಣ್ಣೆ ಮಾರಿ ಮೂರು ಹೊಗೆಗೂಡು ಕಟ್ಟಿಸಿದ ಸಾಹುಕಾರ,
ಇಬ್ಬರು ಸೂಲಗಿತ್ತಿಯರು ಇದ್ದ ಹಳದಿ ಮನೆ.
ಏಳನೆಯದು ಪಾರ್ಡಿ ಮನೆ.
ಕರಡು ಓದಿದೆ:
"ಈ ಜಾಗದಲ್ಲಿ ೧೮೮೪ರಲ್ಲಿ ಕಟ್ಟಿದ..."

ಹಿಂದಿನ ಬೆಂಚಿನಿಂದ ಎಫೀ ಪಾರ್ಡಿ:
ಈ ಜಾಗದಲ್ಲಿ ಅಲ್ಲ.

ಕಿಟಕಿಯಾಚೆ ಬೆರಳು ತೋರಿಸಿದಳು,
ಮಂಜು ಬಿಟ್ಟರೆ ಏನೂ ಕಾಣಲಿಲ್ಲ.
ಅಲ್ಲಿ ಒಂದು ದ್ವೀಪ ಇದೆ ಅಂತ ನಮಗೆಲ್ಲ ಗೊತ್ತು.

ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ, ಅಂದಳು,
ಮನೆ ತೇಲಿಸಿ ನೋಡು.
ಶಾಲೆ ಮುಚ್ಚಿದರು, ಪಾದ್ರಿಯನ್ನು ಕರೆಸಿಕೊಂಡರು,
ತಲೆಗಿಷ್ಟು ಅಂತ ಎಣಿಸಿ ಕೊಟ್ಟು, ಹೊರಡಿ ಅಂದರು.
ಖಾಲಿ ಪೀಪಾಯಿಗಳನ್ನು ಅಡಿಗೆ ಕಟ್ಟಿ
ದೊಡ್ಡ ಭರತಕ್ಕೆ ಕಾದು
ನಾಲ್ಕು ದೋಣಿ ಎಳೆದವು.
ಅಮ್ಮ ಪರದೆ ಕೂಡ ಬಿಚ್ಚಲಿಲ್ಲ.
ನಾನು ದೋಣಿಯಲ್ಲಿರಬೇಕಿತ್ತು,
ಬೆಕ್ಕು ಹುಡುಕುತ್ತ ಅಟ್ಟದಲ್ಲಿದ್ದೆ, ಏಳು ವರ್ಷ.
ನೀರು ಮೂರನೇ ಮೆಟ್ಟಿಲಿಗೆ ಬಂದು ನಿಂತಿತು.
ಒಲೆಯ ಮುಂದಿನ ಚಾಪೆ ತೇಲುತ್ತ
ಬಾಗಿಲತನಕ ಹೋಗಿ, ತಿರುಗಿ ಬಂತು.

ವಿನ್ಯಾಸಗಾರ ಬರೆದುಕೊಳ್ಳುತ್ತಿದ್ದ.
ಚೆನ್ನಾಗಿದೆ, ಅಂದ, ಆದರೆ ಅರವತ್ತು ಪದ.

ಎಫೀ ಅವನ ಕಡೆ ನೋಡಲಿಲ್ಲ.
ಕಿಟಕಿಯಿಂದ ಗಾರ್ಲೆಂಡ್ ಚಿಕ್ಕಪ್ಪನ ಮನೆ ಕಾಣುತ್ತಿತ್ತು,
ನಮ್ಮ ಹಿಂದೆ, ಹಸಿರು ಬಾಗಿಲು.
ಆಮೇಲೆ ಹೊಗೆಗೂಡು ಮಾತ್ರ ಕಾಣುತ್ತಿತ್ತು.
ಆಮೇಲೆ ಚಿಕ್ಕಪ್ಪ ಹಗ್ಗ ಕಡಿದ.
ಕಡಿಯದಿದ್ದರೆ ದೋಣಿಯೂ ಹೋಗುತ್ತಿತ್ತು.
ಅದೂ ಅಷ್ಟೇ ಹಳೆಯ ಮನೆ.
ಅದರ ಫಲಕ ಎಲ್ಲಿ ಹಾಕ್ತೀರಿ?

ಹೀಟರು ಗೊರಗೊರ ಅನ್ನುತ್ತಿತ್ತು.
ಆಗ ಬಿಡುವುದಕ್ಕೆ ದುಡ್ಡು ಕೊಟ್ಟ ಸರ್ಕಾರ
ಈಗ ನೆನಪಿಗೂ ಅರ್ಧ ಕೊಡುತ್ತದೆ,
ಅರ್ಜಿಯಲ್ಲಿ ಬೀದಿಯ ಹೆಸರು, ಮನೆಯ ನಂಬರು ತುಂಬಿದರೆ.
ಯಾರಿಗೂ ಮಾತು ಹೊಳೆಯದೆ
ವಿನಿಫ್ರೆಡ್ ಟೀ ತಂದಳು.

ಜೂನಿನಲ್ಲಿ ಏಳು ಫಲಕ ಏರಿದವು, ಕಣ್ಣಿನ ಎತ್ತರಕ್ಕೆ.
ಪಾರ್ಡಿ ಮನೆಯದರಲ್ಲಿ 'ಈ ಜಾಗ' ಇಲ್ಲ,
'ಸಮುದ್ರದ ಮೇಲೆ ಬಂತು' ಎಂದಿದೆ,
ಐವತ್ತೊಂಬತ್ತು ಪದ.
ಪ್ರವಾಸಿಗಳು ಓದಿ, ನಕ್ಕು, ಫೋಟೋ ತೆಗೆಯುತ್ತಾರೆ.
ಹನ್ನೆರಡು ಸೆಕೆಂಡಿಗಿಂತ ತುಸು ಹೆಚ್ಚೇ ನಿಲ್ಲುತ್ತಾರೆ.

ವರ್ಷದ ಕೊನೆಗೆ ಲೆಕ್ಕ ಪರಿಶೋಧಕ
ಪುಸ್ತಕದ ಮೇಲೆ ಪೆನ್ಸಿಲ್ ಊರಿ ಕೇಳಿದ:
ಫಲಕ ಏಳು, ಇಲ್ಲಿ ಸಾಲು ಎಂಟಿದೆಯಲ್ಲ?
ಎಂಟನೆಯದು, ಹಸಿರು ಬಾಗಿಲು, ಆಳ ನಲವತ್ತು ಮಾರು,
ಅಕ್ಷರ ಸೊನ್ನೆ, ಡಾಲರು ಸೊನ್ನೆ.

ಮೊತ್ತ ತಪ್ಪುವುದಿಲ್ಲವಲ್ಲ, ಅಂದೆ.
ತಪ್ಪುವುದಿಲ್ಲ, ಅಂದ.
ಇನ್ನೂ ಸ್ವಲ್ಪ ಹೊತ್ತು
ಆ ಸಾಲಿನ ಮೇಲೇ ಅವನ ಪೆನ್ಸಿಲ್ಲಿತ್ತು.