ನಾಲ್ಕು ಕರಿ ಕಾಳು

ಹಡರ್ಸ್‌ಫೀಲ್ಡಿನ ಗುಡ್ಡದ ಇಳಿಜಾರಿನಲ್ಲಿ
ನಮ್ಮ ಬಾಡಿಗೆ ತೋಟಗಳ ಸಂಘ.
ತಗಡು ಹೊದಿಸಿದ ಚಹಾ ಕೋಣೆ, ಒಳಗೋಡೆಯ ಮೇಲೆ
ಮೂವತ್ತೊಂದು ಸದಸ್ಯರ ಮೂವತ್ತೊಂದು ಫೋಟೋ.
ಈ ಮಾರ್ಚಿನಿಂದ ಪ್ರತಿ ಮುಖದ ಕೆಳಗೆ
ಒಂದೊಂದು ಜಾಮ್ ಶೀಶೆ.

ಕಾರ್ಯದರ್ಶಿ ಗ್ಲೆನಿಸ್ ವಿವರಿಸಿದಳು:
ಮೆಚ್ಚಿದವರಿಗೆ ಬಿಳಿ ಕಾಳು, ಮೆಚ್ಚದವರಿಗೆ ಕರಿ.
ಹೆಸರು ಬರೆಯಬೇಕಿಲ್ಲ. ಕಾರಣ ಹೇಳಬೇಕಿಲ್ಲ.
ಒಬ್ಬರಿಗೆ ಒಂದೇ.
ವರ್ಷದ ಕೊನೆಗೆ ಎಣಿಸಿ, ಹೆಚ್ಚು ಬಿಳಿ ಇದ್ದವರಿಗೆ
ನಲ್ಲಿಯ ಪಕ್ಕದ ತುಂಡು ನೆಲ.
"ಸುಮ್ಮನೆ ತಮಾಷೆಗೆ" ಅಂದಳು. ಯಾರೂ ನಗಲಿಲ್ಲ.

ನಾನು ಹಲ್ಲು ಮಾಡುವವಳು.
ದವಾಖಾನೆಯ ಹಿಂದಿನ ಕೋಣೆಯಲ್ಲಿ ಕೂತು
ಮೇಣದಲ್ಲಿ ದವಡೆ ಕೆತ್ತಿ, ಗುಲಾಬಿ ಒಸಡು ಕೂರಿಸಿ
ಊರಿನ ಅರ್ಧ ಮುದುಕರ ನಗುವನ್ನು
ಅರದಿಂದ ಉಜ್ಜಿ ನಯ ಮಾಡಿದವಳು.
ಪಕ್ಕದ ತುಂಡಿನ ವಿಲ್ಫ್ ಬೇಲಿಯಾಚೆ ನಕ್ಕರೆ
ಅದು ನನ್ನದೇ ಕೆಲಸ. ಎಡಗಡೆ ಕೋರೆ
ಕೂದಲೆಳೆಯಷ್ಟು ಉದ್ದವಾಯಿತು, ಈಗೇನು ಮಾಡಲಿ.

ಗದಗಿನಲ್ಲಿ ಅವ್ವನದು
ಎಲ್ಲದಕ್ಕೂ ಒಂದೇ ಮಾತು:
ನಾಲ್ಕ ಮಂದಿ ಏನಂದಾರು?
ಜಡೆ ಬಿಚ್ಚಿದರೆ ನಾಲ್ಕು ಮಂದಿ,
ಜೋರಾಗಿ ಸೀನಿದರೆ ನಾಲ್ಕು ಮಂದಿ.
ಯಾರವರು, ಎಲ್ಲಿರುತ್ತಾರೆ, ಉಂಡರೋ ಇಲ್ಲವೋ,
ಒಮ್ಮೆಯೂ ಹೇಳಲಿಲ್ಲ.

ಜೂನ್ ತಿಂಗಳಲ್ಲಿ ಒಂದಿನ ಚಹಾಕ್ಕೆ ಹೋದರೆ
ನನ್ನ ಶೀಶೆಯಲ್ಲಿ ಬಿಳಿ ಒಂಬತ್ತು, ಕರಿ ನಾಲ್ಕು.
ಸಿಕ್ಕರಲ್ಲ, ಅವ್ವ!
ಐದು ಸಾವಿರ ಮೈಲಿ ದಾಟಿ, ವೀಸಾ ತಗೊಂಡು
ನನಗಿಂತ ಮೊದಲೇ ಬಂದು ಕೂತಿದ್ದಾರೆ.

ಒಂಬತ್ತನ್ನು ಅಲ್ಲೇ ಬಿಟ್ಟೆ.
ನಾಲ್ಕನ್ನು ಮನೆಗೆ ಹೊತ್ತೆ.
ರಾತ್ರಿ ಪಾತ್ರೆ ತಿಕ್ಕುತ್ತ ಒಬ್ಬೊಬ್ಬರನ್ನೇ ಕರೆದು ವಿಚಾರಣೆ:
ಡೆಲ್ರಾಯ್? ಅವನ ಕುಂಬಳ ಬಳ್ಳಿ ದಾಟಿದ್ದೆ, ತುಳಿದಿರಲಿಲ್ಲ.
ಹೇಜಲ್? ನನ್ನ ಗೊಬ್ಬರಕ್ಕೆ ಮೂಗು ಮುರಿದಿದ್ದಳು.
ಆ ಹೊಸ ದಂಪತಿ? ಅವರಿಗೆ ನನ್ನ ಹೆಸರೇ ಬಾಯಿಗೆ ಬರುವುದಿಲ್ಲ.
ಹೆಸರು ಬರದವರಿಗೂ ಕಾಳು ಹಾಕಲು ಬರುತ್ತದೆ.

ಬೇಲಿಯ ಮೇಲಿಂದ ಬೀನ್ಸ್ ಹಂಚತೊಡಗಿದೆ.
ಯಾರೂ ಕೇಳದಿದ್ದರೂ ಮೋಡದ ಬಗ್ಗೆ ಮಾತಾಡಿದೆ.
ಬೇರೆಯವರಿಗೆ ಮಾಡಿಕೊಡುವ ನಗುವಿನ ಅಚ್ಚನ್ನು
ನನ್ನ ಬಾಯಿಗೂ ಒಮ್ಮೆ ಒತ್ತಿಕೊಂಡೆ.
ಸಂಜೆ ಹೊತ್ತಿಗೆ ದವಡೆ ನೋವು.

ಆಗಸ್ಟಿನಲ್ಲಿ ವಿಲ್ಫ್ ನನ್ನ ರಾಜಗಿರಿಯನ್ನೆಲ್ಲ ಕಿತ್ತ.
ಕೆಂಪು ದಂಟು, ಬೇರು ಸಮೇತ, ಮೂರು ಸಾಲು,
ಒಪ್ಪವಾಗಿ ಕಂತೆ ಕಟ್ಟಿ ಬದುವಿನ ಮೇಲಿಟ್ಟಿದ್ದ.
ಸೀದಾ ಚಹಾ ಕೋಣೆಗೆ ನಡೆದೆ.
ಬಾಗಿಲು ಮುಂದೆ ಮಾಡಿದೆ.
ಕರಿ ಕಾಳು ಎಷ್ಟು ನುಣುಪು,
ಶೀಶೆಗೆ ಬಿದ್ದಾಗ ಎಷ್ಟು ಸಣ್ಣ ಸದ್ದು,
ಹಲ್ಲಿಗೆ ಹಲ್ಲು ತಾಕಿದಂತೆ.
ಅವನ ಶೀಶೆಯಲ್ಲಿ ಅದೇ ಮೊದಲ ಕರಿ.

ಮರುದಿನ ಅವನೇ, ನಾನು ಮಾಡಿದ ಕೋರೆ ತೋರಿಸುತ್ತ:
"ನಿನ್ನೆ ನಿನ್ನ ಕಳೆ ತೆಗೆದೆ.
ಬೆನ್ನು ನೋವು ಅಂದಿದ್ದೆಯಲ್ಲ."

ಹಾಕಿದ ಕಾಳು ತೆಗೆಯಲು ನಿಯಮ ಇಲ್ಲವಂತೆ;
ಗ್ಲೆನಿಸ್‌ಳನ್ನು ಕೇಳಿದೆ, ಬೇರೆ ಯಾರಿಗೋ ಎಂಬಂತೆ.
ಕದ್ದು ಮೂರು ಬಿಳಿ ಹಾಕಿದೆ.
ಕರಿ ಇನ್ನೂ ಚೆನ್ನಾಗಿ ಕಂಡಿತು.
ವಿಲ್ಫ್ ಚಹಾಕ್ಕೆ ಬರುವುದು ಬಿಟ್ಟ.
ಮಗುಚಿದ ಬಕೆಟ್ಟಿನ ಮೇಲೆ ಒಬ್ಬನೇ ಕೂತು
ಫ್ಲಾಸ್ಕಿನಿಂದ ಬಗ್ಗಿಸಿಕೊಂಡು ಕುಡಿದ.
ಮೊಣಕಾಲು, ಅಂದ. ಇದ್ದರೂ ಇರಬಹುದು.

ಅಕ್ಟೋಬರಿನ ಗಾಳಿಗೆ ಅವನ ಶೆಡ್ಡು ಉರುಳಿತು.
ಡೆಲ್ರಾಯ್ ಒಂದು ಮೂಲೆ, ಹೇಜಲ್ ಒಂದು, ಗ್ಲೆನಿಸ್ ಒಂದು.
"ನಾಲ್ಕು ಜನ ಬೇಕು!" ಕೂಗಿದರು.
ಕೈಯ ಮಣ್ಣು ಒರೆಸಿಕೊಂಡು ಓಡಿದೆ.
ಎತ್ತುವಾಗ ಯಾರ ಮುಖವೂ ಕಾಣುವುದಿಲ್ಲ,
ಹಲಗೆಯಡಿ ಬರೀ ಬೆರಳು.
ವಿಲ್ಫ್ ದೂರ ನಿಂತು ಎಡಕ್ಕೆ, ಇನ್ನೂ ಎಡಕ್ಕೆ ಅನ್ನುತ್ತಿದ್ದ.
ಅವಸರದಲ್ಲಿ ಹಲ್ಲು ಮನೆಯಲ್ಲೇ ಮರೆತು ಬಂದಿದ್ದ.
ಶೆಡ್ಡು ನೆಟ್ಟಗಾದಾಗ ಬೋಳು ಒಸಡಿನಲ್ಲಿ ನಕ್ಕ.
ಅದು ನಾನು ಮಾಡಿದ್ದಲ್ಲ.