ನಾಲ್ಕು ಬೆರಳು

ಚಿಲೋಯೆ ದ್ವೀಪದಲ್ಲಿ ಇಗರ್ಜಿ ಕಟ್ಟಿದವರು
ಇಗರ್ಜಿ ಕಟ್ಟಲು ಕಲಿತವರಲ್ಲ.
ದೋಣಿ ಗೊತ್ತಿತ್ತು. ಅದನ್ನೇ ಬೋರಲು ಹಾಕಿ
ಕೆಳಗೆ ನಿಂತು ನೋಡಿ
ಸರಿ, ಇಲ್ಲಿ ಮಂಡಿಯೂರಬಹುದು ಅಂದರು.

ದೋಣಿಯ ಬೆನ್ನುಮೂಳೆ ಆಕಾಶಕ್ಕೆ, ಪಕ್ಕೆಲುಬು ನಮ್ಮ ನೆತ್ತಿಗೆ.
ಲೂಮಾ ಮರದ ಗೂಟಗಳು, ಕಬ್ಬಿಣದ ಮೊಳೆ ಒಂದೂ ಇಲ್ಲ:
ಇಲ್ಲಿಯ ಉಪ್ಪುಗಾಳಿ ಕಬ್ಬಿಣವನ್ನು ಹಪ್ಪಳದ ಹಾಗೆ ಮುರಿದು ತಿನ್ನುತ್ತದೆ.
ಹೊರಗೋಡೆಗೆ ಅಲೆರ್ಸೆ ಮರದ ಚಕ್ಕೆ,
ಮೀನಿನ ಹುರುಪೆಯಂತೆ ಒಂದರ ಮೇಲೊಂದು.

ನಾನು ಸ್ಯಾಂಟಿಯಾಗೊದಿಂದ ಬಂದವಳು.
ಸರ್ಕಾರದ ಕಾಗದ, ಲೇಸರ್ ಅಳತೆಯ ಡಬ್ಬಿ, ಹೊಸ ಬೂಟು.
ಬೂಟು ಮೊದಲ ದಿನವೇ ಕೆಸರಿನ ಪಾಲಾಯಿತು.
ಡಬ್ಬಿ ಮೂರನೆಯ ದಿನ ಬಾಯಿಬಿಟ್ಟಿತು:
ಬಾಗಿಲಿಂದ ಬಂದ ನಡುತೊಲೆ, ಬಲಿಪೀಠದಿಂದ ಬಂದ ನಡುತೊಲೆ
ಎಂಟನೆಯ ಪಕ್ಕೆಯ ಹತ್ತಿರ
ಪರಿಚಯವೇ ಇಲ್ಲದವರಂತೆ ದಾಟಿ ಹೋಗಿವೆ.
ಏಳು ಸೆಂಟಿಮೀಟರ್ ಅಂತ ಕೂಗಿದೆ ಏಣಿಯ ಮೇಲಿಂದ.
ನಾಲ್ಕು ಬೆರಳು, ಅಂದ ಕೆಳಗೆ ಎಲಾಡಿಯೊ ನವೆಲ್ಕೀನ್,
ಬಡಗಿ, ತಲೆಯೆತ್ತದೆ.

ಅವನ ಅಜ್ಜ ಬಲಿಪೀಠದ ಕಡೆಯಿಂದ, ಅಜ್ಜನ ತಮ್ಮ ಬಾಗಿಲ ಕಡೆಯಿಂದ.
ನಡುವೆ ಒಂದು ಕಡಸಿನ ಜಗಳ.
ಕಡಸು ಯಾರದೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ,
ಸತ್ತೇ ಎಂಬತ್ತು ವರ್ಷ ಆಗಿರಬೇಕು ಅದು.
ಒಂದು ಇಡೀ ಚಳಿಗಾಲ ಮಾತಿಲ್ಲ, ಕತೆಯಿಲ್ಲ,
ಅಳತೆಯ ದಾರ ಕೂಡ ಒಬ್ಬರದು ಒಬ್ಬರಿಗೆ ಕೊಡಲಿಲ್ಲ.
ಕೊನೆಗೆ ಪಾದ್ರಿಯೇ ಸಂದಿಗೆ ನೀಲಿ ಬಳಿಸಿ
ತಗಡಿನ ನಕ್ಷತ್ರ ಅಂಟಿಸಿ ಊರಿನ ಮಾನ ಮುಚ್ಚಿದ.

ಈಗ ಆರು ಪಕ್ಕೆ ಲಡ್ಡು. ಎಲ್ಲ ಅಜ್ಜನ ಕಡೆಯವೇ.
ನೆಟ್ಟಗೆ ಮಾಡಿಬಿಡೋಣ ಅಂದ ಎಲಾಡಿಯೊ.
ಮೂರು ತಲೆಮಾರು, ಪ್ರತಿ ಭಾನುವಾರ,
ನಮ್ಮ ಮನೆಯವರು ಇಲ್ಲಿ ತಲೆ ತಗ್ಗಿಸಿ ಕೂತದ್ದು
ಭಕ್ತಿಗೆ ಅಂದುಕೊಂಡೆಯಾ?

ನನ್ನ ಕಾಗದದಲ್ಲಿ ನಿಯಮ ಇತ್ತು.
ಇದ್ದದ್ದು ಇದ್ದ ಹಾಗೆ, ಅಂದೆ.
ಎದ್ದು ಬಂದು ಎದೆಗೆ ಒದೆಯಲಿಲ್ಲ, ಅಷ್ಟೆ.
ಬಾಚಿ ಕೆಳಗಿಟ್ಟು ಮನೆಗೆ ಹೋದ.

ಎರಡು ದಿನ ಮಂಜು. ರೊಸೆಂದಾ ಎಂಬಾಕೆ
ಬೇಯಿಸಿದ ಆಲೂಗಡ್ಡೆ, ಹೊಗೆಯಲ್ಲಿ ಒಣಗಿಸಿದ ಚಿಪ್ಪುಮಾಂಸ ತಂದಿಟ್ಟು
ಬರುತ್ತಾನೆ ಬಿಡು ಅಂದಳು,
ಬೇರೆ ಯಾರಾದರೂ ಮಾಡಿಬಿಟ್ಟಾರು ಅನ್ನುವ ಹೊಟ್ಟೆಕಿಚ್ಚಿಗಾದರೂ.

ಬಂದ. ಸಿಪ್ರೆಸ್ ದಿಮ್ಮಿ ಕೆತ್ತಿದ. ನೆಟ್ಟಗೆ ಬಂತು.
ಬೈದು ಒಲೆಗೆ ಹಾಕಿದ.
ಇನ್ನೊಂದು. ಅದೂ ನೆಟ್ಟಗೆ.
ನಲವತ್ತು ವರ್ಷ ಪಳಗಿಸಿದ ಕೈಗೆ
ಬೇಕೆಂದೇ ತಪ್ಪು ಮಾಡು ಅಂದರೆ
ಎತ್ತಿನ ಹಾಗೆ ಕಾಲೂರಿ ನಿಲ್ಲುತ್ತದೆ.
ನಾನು ನಕ್ಕೆ. ಅವನು ನಗಲಿಲ್ಲ.

ಮಧ್ಯಾಹ್ನ ಲಡ್ಡು ಹಿಡಿದ ಹಳೆಯ ಪಕ್ಕೆಯನ್ನು
ತೊಡೆಯ ಮೇಲೆ ಮಲಗಿಸಿಕೊಂಡು
ಬಾಚಿಯ ಗುರುತುಗಳ ಮೇಲೆ ಹೆಬ್ಬೆರಳು ಎಳೆಯುತ್ತ ಕೂತ.
ಬಾ ಇಲ್ಲಿ, ಅಂದ. ಮೂರು ಏಟು ಸರಿ. ನಾಲ್ಕನೆಯದು ಜಾರಿದೆ.
ಮತ್ತೆ ಮೂರು ಸರಿ. ಮತ್ತೆ ಜಾರಿದೆ.
ಜಾರಿದ್ದೆಲ್ಲ ಬಾಗಿಲ ಕಡೆಗೇ.
ಸ್ವಲ್ಪ ಹೊತ್ತು ಉಸಿರು ಬಿಡಲಿಲ್ಲ ಅವನು.
ಮುದುಕ ಕತ್ತು ತಿರುಗಿಸಿದ್ದಾನೆ.
ತಮ್ಮ ಎಲ್ಲಿಗೆ ಬಂದ ಅಂತ ನೋಡಿದ್ದಾನೆ.

ಆಮೇಲೆ ನನ್ನನ್ನು ಬಾಗಿಲ ಬಳಿ ಅಟ್ಟಿದ.
ಅಲ್ಲಿ ನಿಲ್ಲು. ಮಾತಾಡಬೇಡ. ಏನಾದರೂ ಕೆಲಸ ಮಾಡುತ್ತಿರು.
ನಾನು ಸುಮ್ಮನೆ ಪೆನ್ಸಿಲ್ ಕೆತ್ತಿದೆ, ಒಂದಾದ ಮೇಲೊಂದು, ಡಬ್ಬಿ ಮುಗಿಯುವ ತನಕ.
ಬೆನ್ನ ಹಿಂದೆ ಟಕ್, ಟಕ್, ಟಕ್,
ಆಮೇಲೆ ಒಂದು ತಡ.

ಆರೂ ಪಕ್ಕೆ ಕೂತ ಮೇಲೆ ಏಣಿ ಹತ್ತಿ ಕೈಯಿಟ್ಟು ಅಳೆದೆ,
ಡಬ್ಬಿ ತೆಗೆಯಲಿಲ್ಲ. ಮೂರೂವರೆ ಬೆರಳು.
ಇನ್ನರ್ಧ? ಅಂದೆ.
ನಿನ್ನ ಬೆರಳು ದಪ್ಪ, ಅಂದ.

ನೀಲಿ ಬಳಿದಾಯಿತು. ನಕ್ಷತ್ರ ಅಂಟಿಸುವಾಗ
ಒಂದು ಕಮ್ಮಿ ಬಿತ್ತು. ಹುಡುಕಿದೆವು, ಸಿಗಲಿಲ್ಲ,
ಪಟ್ಟಿಯಲ್ಲಿ ಹಾಗೇ ಬರೆದುಕೊಂಡೆ.
ದೋಣಿ ಹತ್ತಿ, ದಡ ಬಿಟ್ಟು, ದ್ವೀಪ ಅಂಗೈಯಷ್ಟಾದ ಮೇಲೆ
ಬೂಟಿನೊಳಗೆ ಏನೋ
ಹಿಮ್ಮಡಿಗೆ ಚುಚ್ಚಿತು.