ಜಗಲಿ, ನಡುವೆ ನೀರು

ಟೆಂಡರಿನಲ್ಲಿ ಬರೆದದ್ದು ಇಷ್ಟೇ:
ಇಪ್ಪತ್ತೈದು ಮೀಟರ್ ಉದ್ದ, ಆರು ಲೇನು,
ಸುತ್ತ ಎಂಟಡಿ ಬೇಲಿ, ಟಿಕೆಟ್ಟಿಗೊಂದು ಗೂಡು,
ಉದ್ಘಾಟಿಸಿದವರ ಹೆಸರಿಗೊಂದು ಗ್ರಾನೈಟ್ ಕಲ್ಲು.
ಕೂರುವುದೆಲ್ಲಿ ಎಂದು ಯಾರೂ ಬರೆದಿರಲಿಲ್ಲ.

ಅರಸಿಯೊಬ್ಬಳು ಕೆರೆ ಕಟ್ಟಿಸಿದಳಂತೆ, ಅದಕ್ಕೇ ಅರಸೀಕೆರೆ.
ಅವಳಿಗೆ ಈಜು ಬರುತ್ತಿತ್ತೋ ಇಲ್ಲವೋ ಯಾರೂ ಹೇಳುವುದಿಲ್ಲ.
ಸಂಜೆ ಏರಿಯ ಮೇಲೆ ಕೂತು
ಕಾಲು ಇಳಿಬಿಟ್ಟಿರಬೇಕು ಎಂಬುದು ನನ್ನ ಗುಮಾನಿ.

ಹರಾಜಿಲ್ಲದ ದಿನ, ಕೊಬ್ಬರಿ ಮಂಡಿಯ ಅಂಗಳದಲ್ಲಿ
ನಕ್ಷೆ ಹಾಸಿದೆ. ಗಾಳಿಗೆ ಹಾರದಂತೆ
ನಾಲ್ಕು ಮೂಲೆಗೆ ನಾಲ್ಕು ಗಿಟುಕು.
ನಗರಸಭೆಯ ಕಿರಿಯ ಎಂಜಿನಿಯರು ನಾನು
ಮೊಣಕಾಲೂರಿ ನೀಲಿ ತೋರಿಸುತ್ತಿದ್ದರೆ
ಜನ ಬೆರಳಿಟ್ಟದ್ದೆಲ್ಲ ನೀಲಿಯ ಆಚೆಗೆ.

ಪಾಯಿಂಟ್ಸ್‌ಮನ್ ಸಂಪಂಗಿ, ರಾತ್ರಿ ಪಾಳಿ ಮುಗಿಸಿ ಬಂದವರು:
'ಬೆಳಿಗ್ಗೆ ಆರಕ್ಕೆ ತೆರೀತೀರೇನಮ್ಮ?
ಆ ಹೊತ್ತಲ್ಲಿ ಮನೇಲಿ ನನಗೆ ಜಾಗ ಇರಲ್ಲ.'
ಶಂಷಾದ್ ಬಿ ಕೇಳಿದ್ದು ಒಂದು ಮಧ್ಯಾಹ್ನ,
ವಾರಕ್ಕೆ ಒಂದೇ ಒಂದು, ಗಂಡಸರಿಲ್ಲದ್ದು;
'ಈಜೋಕಲ್ಲ. ಒದ್ದೆ ಕೂದಲು ಬಿಚ್ಚಿಕೊಂಡು
ಮಾತಾಡೋಕೆ.'
ಮಂಡಿಯ ಹುಡುಗರಿಗೆ ಜಿಗಿಯುವ ಹಲಗೆ ಬೇಕು, ಎತ್ತರದ್ದು.
ಅವರಲ್ಲಿ ಈಜು ಬರುವವನು ಒಬ್ಬನೇ,
ಅವನೂ ಕಲ್ಲು ಕ್ವಾರಿಯ ನೀರಲ್ಲಿ ಕಲಿತವನು.
ಜೊತೆಗೆ ಇಳಿದಿದ್ದವನ ಹೆಸರು ಹೇಳಲಿಲ್ಲ.

ಅಳಿಸಿದೆ.
ಆರು ಲೇನು ಮೂರಾಯಿತು. ಬೇಲಿ ಸೊಂಟಕ್ಕಿಳಿಯಿತು,
ಒಂದು ಮಗ್ಗುಲಿಗೆ ಬಿದಿರು ತಟ್ಟಿ, ಬೇಕಾದಾಗ ಇಳಿಬಿಡಲು.
ಗೋಡೆ ಇದ್ದಲ್ಲಿ ಕಲ್ಲಿನ ಮೆಟ್ಟಿಲು ಬಂತು,
ಮೊದಲ ಮೂರು ಒಣಗಿದ್ದು, ನಾಲ್ಕನೆಯದು ಒದ್ದೆ,
ಎಲ್ಲಿಗೆ ದಡ ಮುಗಿಯಿತು ಎಂಬುದನ್ನು
ಕೂತವರೇ ತೀರ್ಮಾನಿಸಲಿ.
ಡ್ರಿಲ್ ಮಾಸ್ತರು ಹಾಲೇಶಪ್ಪ ಮುನಿಸಿಕೊಂಡರು:
'ಮೂರು ಲೇನಲ್ಲಿ ರಾಜ್ಯಮಟ್ಟ ಹೇಗ್ ಮುಟ್ತಾರ್ರೀ ಮಕ್ಕಳು?'
ನ್ಯಾಯವಾದ ಮಾತು. ಉತ್ತರ ನನ್ನಲ್ಲಿರಲಿಲ್ಲ, ಈಗಲೂ ಇಲ್ಲ.

ಹಾಸನದ ಕಚೇರಿಯಲ್ಲಿ ಸಾಹೇಬರು ಕನ್ನಡಕ ಹಣೆಗೇರಿಸಿ
'ಇದೇನಮ್ಮ ಇದು, ಈಜುಕೊಳವೋ ಜಗಲಿಯೋ?'
'ಜಗಲಿಯೇ ಸಾರ್. ನಡುವೆ ನೀರಿದೆ.'
ವಾಪಸಿನ ಬಸ್ಸು ದುದ್ದ ದಾಟುವವರೆಗೂ
ಆ ಉತ್ತರವನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿದೆ
ಪೆಪ್ಪರಮಿಂಟಿನ ಹಾಗೆ.

ಬೀದಿ ಗುಡಿಸುವ ಹುಚ್ಚಮ್ಮನಿಗೂ ಹೇಳಿದೆ.
ಅವಳು ನಗಲಿಲ್ಲ.
'ಜಗಲಿ ತಂಕ ಬರೋದು ನಮಗೆ ಗೊತ್ತು ಕಣವ್ವ.
ನಮ್ಮಜ್ಜಿನೂ ಬತ್ತಿದ್ಲು. ಬೊಗಸೆ ಒಡ್ಡೋಳು,
ಮ್ಯಾಲಿಂದ ಹುಯ್ಯೋರು ನೀರು.
ಅದ್ರಿಂದ ಒಳಕ್ಕೆ?'
ಆಮೇಲೆ ನಕ್ಷೆಯ ಹಿಂಬದಿಗೆ ಬೆರಳಿಟ್ಟಳು:
ಒಂದು ಸಣ್ಣ ಬಾಗಿಲು, ಗುಡಿಸಲು ಬರುವವರಿಗೆಂದು
ನಾನೇ, ಯೋಚನೆಯಿಲ್ಲದೆ, ಬರೆದದ್ದು.
ಅಕ್ಷರ ಬಾರದವಳು ಗೆರೆ ಓದಿಬಿಟ್ಟಳು.

ಕಾಗದ ಸವೆಯುವಷ್ಟು ಉಜ್ಜಿದೆ.
ಬೆಳಕಿಗೆ ಹಿಡಿದರೆ ಈಗಲೂ ಅಲ್ಲೊಂದು ಕಿಂಡಿ ಕಾಣುತ್ತದೆ.

ಮಂಜೂರಾತಿ ಬಂದಿದೆ, ಹಣ ಬಂದಿಲ್ಲ.
ನಿನ್ನೆ ಸುಣ್ಣದ ಪುಡಿಯಲ್ಲಿ ನೆಲಕ್ಕೆ ಗೆರೆ ಎಳೆಸಿದೆ:
ಇಲ್ಲಿ ಮೆಟ್ಟಿಲು, ಇಲ್ಲಿ ಮೂರಡಿ, ಅಲ್ಲಿ ಐದು.
ಉಳಿದದ್ದು ಅದೇ ಹಳೆಯ ಸಂತೆ ಮಾಳ,
ನೆಗ್ಗಿಲ ಮುಳ್ಳು, ಮೇಕೆ ಹಿಕ್ಕೆ.
ಸಂಜೆಗಾಗಲೇ ಹತ್ತಾರು ಜನ ಗೆರೆಯ ಸುತ್ತ ಕೂತು
ಕಡಲೆಕಾಯಿ ಸುಲಿಯುತ್ತಿದ್ದರು. ಸಿಪ್ಪೆಯನ್ನು ಮಾತ್ರ
ನೀರು ಬರಬೇಕಾದ ಕಡೆಗೆ ಎಸೆಯುತ್ತಿರಲಿಲ್ಲ.

ಹುಚ್ಚಮ್ಮ ಪೊರಕೆಯನ್ನು ಆಚೆಗೇ ಒರಗಿಸಿ
ಮೂರಡಿ ಕಡೆಯ ಗೆರೆಗೆ ಬಂದು ನಿಂತಳು.
ಬಗ್ಗಿ ನೋಡಿದಳು, ಎಷ್ಟು ಆಳವೋ ಎಂಬಂತೆ.
ಸೀರೆಯನ್ನು ಹಿಮ್ಮಡಿಯಿಂದ ಒಂದು ಗೇಣು ಎತ್ತಿ ಹಿಡಿದು
ಒಳಗೆ ಕಾಲಿಟ್ಟಳು.